ನೂಲಿನಂತೆ ಸೀರೆ, ಆದರೆ ನೂಲು ಎರಡು ಮನೆಯದು

ತಳಿ ಆಯ್ಕೆ ಮತ್ತು ವಂಶವಾಹಿಗಳ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಏಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದು ಮಾತ್ರ ತರಗತಿಯಿಂದ ಬಂದದ್ದು. ಉಳಿದವೆಲ್ಲ ಕೊಟ್ಟಿಗೆ, ಹೊಲ, ಹಿತ್ತಲುಗಳಿಂದ ಬಂದವು. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಮೂರನೆಯ ಸೂಲಿನಲ್ಲಿ ದಿನಕ್ಕೆ 22 ಲೀಟರ್ ಹಾಲು ಕೊಡುತ್ತಿತ್ತು. ಸುತ್ತಲಿನ ಕೊಟ್ಟಿಗೆಗಳಲ್ಲಿ ಇಂಥ ಹಸುಗಳ ಸರಾಸರಿ 12 ಲೀಟರ್ ಇರಬಹುದು. ಅದರ ಕಡಸಿಗೆ ಒಳ್ಳೆಯ ಬೆಲೆ ಬಂದಿದ್ದರೂ ಮಾರದೆ, ಮೇವು ಹಿಂಡಿಗೆ ಕೊರತೆ ಮಾಡದೆ ಸಾಕಿದೆ. ಈಗ ಮೊದಲ ಕರು ಹಾಕಿ ಅದು ಕೊಡುತ್ತಿರುವುದು 13 ಲೀಟರ್. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ಸುಳ್ಳಾಯಿತೇ?
— ಓದುಗರೊಬ್ಬರು, ನಾಗಮಂಗಲ

ಉತ್ತರ: ಗಾದೆ ಸುಳ್ಳಲ್ಲ, ಆದರೆ ಅರ್ಧವನ್ನಷ್ಟೇ ಹೇಳುತ್ತದೆ. ನಿಮ್ಮ ಕಡಸಿನ ಮೈಯಲ್ಲಿರುವ ನೂಲಿನಲ್ಲಿ ಅರ್ಧ ತಾಯಿಯದು. ಇನ್ನರ್ಧ ನೀವು ಕಣ್ಣಿನಿಂದ ನೋಡದೇ ಇರುವ ಒಂದು ಹೋರಿಯದು. ಹಸುವಿನ ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ 60 ವರ್ಣತಂತುಗಳು 30 ಜೋಡಿಗಳಾಗಿ ಇರುತ್ತವೆ. ಅಂಡಾಣು ಆಗುವಾಗ ಪ್ರತಿ ಜೋಡಿಯಿಂದ ಒಂದೊಂದು ಮಾತ್ರ ಅದರೊಳಕ್ಕೆ ಸೇರುತ್ತದೆ, ಮತ್ತು ಯಾವುದು ಸೇರಬೇಕೆಂಬುದು ಚೀಟಿ ಎತ್ತಿದಂತೆ ನಡೆಯುತ್ತದೆ. ವರ್ಣತಂತುಗಳು ತಮ್ಮೊಳಗೆ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದನ್ನು ಬದಿಗಿಟ್ಟರೂ, ಒಂದೇ ಹಸು ಸುಮಾರು 107 ಕೋಟಿ ಬಗೆಯ ಅಂಡಾಣುಗಳನ್ನು ಕೊಡಬಲ್ಲದು. ತಾಯಿಯ ಹೆಚ್ಚುಗಾರಿಕೆಯೆಲ್ಲ ಗಂಟು ಕಟ್ಟಿಕೊಂಡು ಮಗಳ ಮನೆಗೆ ಬರುವುದಿಲ್ಲ ಎನ್ನುವುದಕ್ಕೆ ಇಷ್ಟೇ ಸಾಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ. ನಿಮ್ಮ ಹಸು ಸರಾಸರಿಗಿಂತ 10 ಲೀಟರ್ ಹೆಚ್ಚು ಕೊಟ್ಟಿತು. ಆ ಹತ್ತೂ ಲೀಟರ್ ವಂಶವಾಹಿಗಳ ಕೊಡುಗೆಯಲ್ಲ. ಅದು ಹುಟ್ಟಿದ ವರ್ಷದ ಮೇವು, ಕರುವಾಗಿದ್ದಾಗ ಕುಡಿದ ಹಾಲು, ಕೆಚ್ಚಲು ಬಾವು ಬಾರದೆ ಉಳಿದ ಅದೃಷ್ಟ, ಕೊಟ್ಟಿಗೆಯ ತಂಪು, ನಿಮ್ಮ ಕೈಗುಣ ಇವೆಲ್ಲ ಅದರಲ್ಲಿ ಸೇರಿವೆ. ಒಂದು ಮಂದೆಯ ಹಸುಗಳ ನಡುವೆ ಹಾಲಿನ ಪ್ರಮಾಣದಲ್ಲಿ ಕಾಣುವ ವ್ಯತ್ಯಾಸದಲ್ಲಿ ಸಂತಾನಕ್ಕೆ ದಾಟಬಲ್ಲ ಪಾಲು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಮಾತ್ರ ಎಂಬುದು ತಳಿವಿಜ್ಞಾನಿಗಳು ಮತ್ತೆ ಮತ್ತೆ ಅಳೆದು ಕಂಡುಕೊಂಡಿರುವ ಸಂಗತಿ. ಅದನ್ನು ನೂರಕ್ಕೆ 30 ಎಂದು ಹಿಡಿಯೋಣ. ಹತ್ತು ಲೀಟರಿನಲ್ಲಿ ವಂಶದ ಪಾಲು ಮೂರು ಲೀಟರ್ ಆಯಿತು. ಅದರಲ್ಲಿ ಅರ್ಧ, ಅಂದರೆ ಒಂದೂವರೆ ಲೀಟರ್, ಮಗಳಿಗೆ ಬರುತ್ತದೆ. ಹೋರಿ ಸಾಧಾರಣದ್ದೆಂದುಕೊಂಡರೆ ಮಗಳಿಂದ ನಿರೀಕ್ಷಿಸಬೇಕಾದದ್ದು 22 ಅಲ್ಲ, ಹದಿಮೂರೂವರೆ ಲೀಟರ್. ನಿಮ್ಮ ಕಡಸು ಮೊದಲ ಸೂಲಿನಲ್ಲೇ 13 ಕೊಟ್ಟಿದೆ; ಮೊದಲ ಸೂಲಿನ ಹಾಲು ಬಲಿತ ಹಸುವಿನ ಹಾಲಿಗಿಂತ ಕಡಿಮೆಯೇ ಇರುತ್ತದೆ. ನಿಮ್ಮ ಪತ್ರದಲ್ಲಿ ನಿರಾಶೆ ಕಾಣುತ್ತಿದೆ, ಆದರೆ ಈ ಲೆಕ್ಕದ ಪ್ರಕಾರ ನೀವು ಸಂತೋಷಪಡಬೇಕು. ದಯವಿಟ್ಟು ಅದನ್ನು ಮಾರಬೇಡಿ.

ಹಾಗಾದರೆ ತಳಿ ಸುಧಾರಣೆ ಆಗುವುದಾದರೂ ಹೇಗೆ ಎಂದು ನೀವು ಕೇಳಬಹುದು. ಅದು ಮುಖ್ಯವಾಗಿ ಹೋರಿಯ ಕಡೆಯಿಂದ ಆಗುತ್ತದೆ. ಹಸು ತನ್ನ ಆಯುಷ್ಯದಲ್ಲಿ ಏಳೆಂಟು ಕರು ಹಾಕಿದರೆ ಹೆಚ್ಚು. ಕೃತಕ ಗರ್ಭಧಾರಣೆಯಲ್ಲಿ ಒಂದು ಹೋರಿಗೆ ಸಾವಿರಾರು ಹೆಣ್ಣುಮಕ್ಕಳಾಗುತ್ತವೆ. ಹೋರಿ ತಾನಾಗಿ ಒಂದು ಹನಿ ಹಾಲನ್ನೂ ಕೊಡುವುದಿಲ್ಲವಾದ್ದರಿಂದ ಅದರ ಯೋಗ್ಯತೆಯನ್ನು ಅಳೆಯಲು ಅದರ ಹೆಣ್ಣುಮಕ್ಕಳು ಬೇರೆ ಬೇರೆ ಊರುಗಳ, ಬೇರೆ ಬೇರೆ ಆರೈಕೆಯ ಕೊಟ್ಟಿಗೆಗಳಲ್ಲಿ ಕೊಟ್ಟ ಹಾಲನ್ನು ಬರೆದಿಟ್ಟು ಹೋಲಿಸುತ್ತಾರೆ. ಊರೂರಿನ ಆರೈಕೆಯ ಏರುಪೇರು ಆಗ ಒಂದನ್ನೊಂದು ಅಳಿಸಿಹಾಕಿ, ಹೋರಿಯ ಪಾಲು ತಿಳಿಯಾಗಿ ಎದ್ದು ಕಾಣುತ್ತದೆ. ಮುಂದಿನ ಸಲ ಇಂಜೆಕ್ಷನ್ ಕೊಡಿಸುವಾಗ ‘ಮಗಳ ಪರೀಕ್ಷೆಯಲ್ಲಿ ಗೆದ್ದ ಹೋರಿಯದೇ’ ಎಂದು ಕೇಳುವುದು, ತಾಯಿಯ ವಂಶಾವಳಿ ಹೇಳಿ ಹಿಗ್ಗುವುದಕ್ಕಿಂತ ಲಾಭದ ಮಾತು.

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಹಳ್ಳಿಕಾರ್ ದನಗಳಿವೆ. ಎರಡು ಲೀಟರ್ ಹಾಲು ಸಿಕ್ಕಿದರೆ ಹೆಚ್ಚು. ನಾಟಿ ತಳಿಗಳಲ್ಲಿ ಹಾಲಿನ ವಂಶವಾಹಿಯೇ ಇಲ್ಲವೇ?
— ಓದುಗರೊಬ್ಬರು, ಗುಬ್ಬಿ

ಉತ್ತರ: ಇದೆ. ಆದರೆ ನಮ್ಮ ಹಿರಿಯರು ಆ ದನಗಳಿಂದ ಹಾಲನ್ನು ಕೇಳಲೇ ಇಲ್ಲ. ತಳಿ ಆಯ್ಕೆಯೆಂದರೆ ಮುಂದಿನ ಕರುಗಳಿಗೆ ಯಾರು ತಂದೆ ತಾಯಿ ಆಗಬೇಕೆಂಬುದನ್ನು ಮನುಷ್ಯ ನಿರ್ಧರಿಸುವುದು. ಏನನ್ನು ನೋಡಿ ನಿರ್ಧರಿಸುತ್ತಾನೋ ಅದು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಬಲಿಯುತ್ತ ಹೋಗುತ್ತದೆ. ಹಳ್ಳಿಕಾರಿನ ಬಳಗಕ್ಕೇ ಸೇರಿದ ಅಮೃತಮಹಲ್ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಾಗಿ ಶುರುವಾದ ಈ ದನಗಳ ಮಂದೆ, ಹೈದರಾಲಿ ಮತ್ತು ಟಿಪ್ಪುವಿನ ಕಾಲಕ್ಕೆ ಫಿರಂಗಿ ಗಾಡಿಗಳನ್ನೂ ಸೈನ್ಯದ ಸಾಮಗ್ರಿಯನ್ನೂ ಎಳೆಯುವ ಎತ್ತುಗಳ ತವರಾಯಿತು. ಅಮೃತಮಹಲ್ ಎಂಬ ಹೆಸರನ್ನು ಕೊಟ್ಟವನು ಟಿಪ್ಪು. ಹೆಸರಿನಲ್ಲಿ ಅಮೃತ ಉಳಿಯಿತು, ಕೆಚ್ಚಲಿನಲ್ಲಿ ಉಳಿಯಲಿಲ್ಲ. ಉದ್ದ ಕಾಲು, ಗಟ್ಟಿ ಗೊರಸು, ಬಿಸಿಲಲ್ಲಿ ದಣಿಯದ ನಡಿಗೆ, ಕೆರಳಿದರೆ ಹತ್ತಿರ ಸುಳಿಯಲಾಗದ ಚುರುಕು ಇವುಗಳನ್ನೇ ನೋಡಿ ಹೋರಿಗಳನ್ನು ಉಳಿಸಿಕೊಂಡರು. ತಾಯಿಯ ಹಾಲು ಕರುವಿಗೆ ಸಾಲುವಷ್ಟಿದ್ದರೆ ಸಾಕಾಗಿತ್ತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಇಂದಿಗೂ ಈ ಮಂದೆ ಇದೆ. ಅವುಗಳ ನಡಿಗೆಯನ್ನು ಒಮ್ಮೆ ನೋಡಿದವರು ‘ಕಳಪೆ ತಳಿ’ ಎಂಬ ಮಾತನ್ನು ಮತ್ತೆ ಆಡಲಾರರು.

ಇನ್ನೊಂದು ದಿಕ್ಕಿನಿಂದ ನೋಡಿ. ದಿನಕ್ಕೆ ಮೂವತ್ತು ಲೀಟರ್ ಕೊಡುವ ಹಸುವನ್ನು ಏಪ್ರಿಲ್ ಬಿಸಿಲಿನಲ್ಲಿ ಒಣಹುಲ್ಲಿನ ಮೇಲೆ ಬಿಟ್ಟರೆ ಅದು ಹಾಲಿರಲಿ, ಜೀವ ಹಿಡಿದುಕೊಳ್ಳುವುದೇ ಕಷ್ಟ. ಹಳ್ಳಿಕಾರಿನ ಮೈಯಲ್ಲಿ ಆ ಬಿಸಿಲಿಗೆ ಬೇಕಾದ ವಂಶವಾಹಿಗಳಿವೆ. ಹಾಲಿನ ಅಳತೆಗೋಲು ಹಿಡಿದಾಗ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮೆಂಡೆಲನ 3:1 ಅನುಪಾತವನ್ನು (ಮಿಶ್ರ ಜೋಡಿಯ ತಂದೆ ತಾಯಿಗಳ ಸಂತಾನದಲ್ಲಿ ಮೂರಕ್ಕೆ ಪ್ರಬಲ ಗುಣ, ಒಂದಕ್ಕೆ ದುರ್ಬಲ ಗುಣ) ತೋರಿಸಲು ಮಕ್ಕಳಿಂದ ಎರಡು ನಾಣ್ಯಗಳನ್ನು ಒಟ್ಟಿಗೆ 20 ಸಲ ಚಿಮ್ಮಿಸಿದೆ. ಎರಡೂ ಕೆಳಮುಖವಾಗಿ ಬಿದ್ದದ್ದನ್ನು ದುರ್ಬಲ ಗುಣವೆಂದು ಎಣಿಸಿದೆವು. 5 ಬರಬೇಕಾದಲ್ಲಿ 8 ಬಂತು. ಮಕ್ಕಳು ನಕ್ಕುಬಿಟ್ಟರು. ಏನು ಹೇಳಲಿ?
— ಶಿಕ್ಷಕಿಯೊಬ್ಬರು, ಹಿರಿಯೂರು

ಉತ್ತರ: ಮೆಂಡೆಲನಿಗೂ ಹೀಗೇ ಆಗಿತ್ತು ಎಂದು ಹೇಳಿ. ಬ್ರುನೋ ನಗರದ ಮಠದ ತೋಟದಲ್ಲಿ 1856ರಿಂದ ಎಂಟು ವರ್ಷ ಬಟಾಣಿ ಬೆಳೆದ ಗ್ರೆಗರ್ ಮೆಂಡೆಲ್, ದುಂಡು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಿ ಪಡೆದ 253 ಗಿಡಗಳಿಂದ 7,324 ಕಾಳುಗಳನ್ನು ಎಣಿಸಿದ. ಅವುಗಳಲ್ಲಿ 5,474 ದುಂಡು, 1,850 ಸುಕ್ಕು, ಅನುಪಾತ 2.96ಕ್ಕೆ 1. ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ. ಆದರೆ 1866ರಲ್ಲಿ ಅಚ್ಚಾದ ತನ್ನ ಪ್ರಬಂಧದಲ್ಲಿ ಅವನು ಬಿಡಿ ಗಿಡಗಳ ಲೆಕ್ಕವನ್ನೂ ಮುಚ್ಚಿಡದೆ ಕೊಟ್ಟಿದ್ದಾನೆ. ಒಂದು ಗಿಡದಲ್ಲಿ 43 ದುಂಡು, 2 ಸುಕ್ಕು. ಮತ್ತೊಂದರಲ್ಲಿ 14 ದುಂಡು, 15 ಸುಕ್ಕು! ಆ ಒಂದು ಗಿಡವನ್ನಷ್ಟೇ ನೋಡಿದ್ದರೆ ಅವನೂ ಅನುಪಾತವನ್ನು ಕಂಡುಹಿಡಿಯುತ್ತಿರಲಿಲ್ಲ. ನಿಮ್ಮ 20 ಚಿಮ್ಮುಗಳಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬರುವುದು ಹತ್ತು ತರಗತಿಗಳಲ್ಲಿ ಒಂದರಲ್ಲಿ ಆಗುವಂಥದ್ದು. ಶಾಲೆಯ ಎಲ್ಲ ತರಗತಿಗಳ ಲೆಕ್ಕವನ್ನೂ ಕೂಡಿಸಿ ನೋಡಿ, ನಗು ನಿಲ್ಲುತ್ತದೆ.

ಮಕ್ಕಳಿಗೆ ಇನ್ನೂ ರುಚಿಯಾದ ಭಾಗ ಸುಕ್ಕಿನ ಕಾರಣದಲ್ಲಿದೆ. ಸಕ್ಕರೆಯನ್ನು ಕವಲುಕವಲಾದ ಪಿಷ್ಟವಾಗಿ ಹೆಣೆಯುವ ಒಂದು ಕಿಣ್ವವಿದೆ. ಅದರ ಸೂಚನೆ ಬರೆದಿರುವ ವಂಶವಾಹಿಯ ನಡುವೆ ಸುಮಾರು 800 ಅಕ್ಷರಗಳ ಒಂದು ಡಿಎನ್‌ಎ ತುಂಡು ಬಂದು ಸೇರಿಕೊಂಡಿದೆ ಎಂಬುದು 1990ರಲ್ಲಿ ಗೊತ್ತಾಯಿತು. ಪುಸ್ತಕದ ಮಧ್ಯೆ ಬೇರೆ ಪುಸ್ತಕದ ಪುಟ ಹೊಲಿದುಬಿಟ್ಟಂತೆ. ಕಿಣ್ವ ಕೆಲಸ ಮಾಡದೆ ಕಾಳಿನಲ್ಲಿ ಸಕ್ಕರೆ ಹೆಚ್ಚಾಗಿ ಉಳಿಯುತ್ತದೆ, ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ, ಕಾಳು ಉಬ್ಬುತ್ತದೆ, ಒಣಗಿದಾಗ ಸಿಪ್ಪೆ ಸಡಿಲವಾಗಿ ಸುಕ್ಕುಗಟ್ಟುತ್ತದೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಬರುವ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಸರಿಯಾಗಿದ್ದರೂ ಸಾಕಷ್ಟು ಕಿಣ್ವ ದೊರೆಯುವುದರಿಂದ ಕಾಳು ದುಂಡಗಾಗುತ್ತದೆ. ‘ಪ್ರಬಲ’ ಎಂದರೆ ಇಷ್ಟೇ ಅರ್ಥ, ಅದರಲ್ಲಿ ಬಲಾಬಲದ ಹೋರಾಟವೇನೂ ಇಲ್ಲ. ಪಲಾವಿಗೆ ಹಾಕುವ ಸಿಹಿ ಹಸಿಬಟಾಣಿ ಸಾಮಾನ್ಯವಾಗಿ ಸುಕ್ಕು ಜಾತಿಯದು, ಚಾಟಿನ ಬಿಳಿ ಒಣಬಟಾಣಿ ದುಂಡು ಜಾತಿಯದು. ಕೆಟ್ಟುಹೋದ ವಂಶವಾಹಿಯೊಂದನ್ನು ಮನುಷ್ಯ ನಾಲಿಗೆಯ ಮೂಲಕ ಆರಿಸಿ ಉಳಿಸಿಕೊಂಡಿದ್ದಾನೆ. ಎರಡು ಬಗೆಯ ಕಾಳನ್ನೂ ತರಗತಿಗೆ ಒಯ್ಯಿರಿ.

ಪ್ರಶ್ನೆ: ಮೂರು ತಲೆಮಾರಿನಿಂದ ನಮ್ಮ ಕರುಗಳ ಕೊಂಬಿನ ಮೊಗ್ಗನ್ನು ಸುಡಿಸುತ್ತಿದ್ದೇವೆ. ಆದರೂ ಹುಟ್ಟುವ ಕರುಗಳಿಗೆ ಕೊಂಬು ಬರುತ್ತಲೇ ಇದೆ. ಇನ್ನೆಷ್ಟು ತಲೆಮಾರು ಬೇಕು?
— ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: ಸಾವಿರ ತಲೆಮಾರು ಸುಡಿಸಿದರೂ ಬರುತ್ತದೆ. ಎತ್ತಿಗೆ ಮೂಗುದಾರ ಪೋಣಿಸುವುದನ್ನು ನಾವು ಎಂದಿನಿಂದ ಮಾಡುತ್ತಿದ್ದೇವೋ ಲೆಕ್ಕವಿಲ್ಲ. ಮೂಗಿನಲ್ಲಿ ತೂತಿರುವ ಕರು ಇಂದಿಗೂ ಹುಟ್ಟಿಲ್ಲ. ಮೈಗೆ ಮಾಡಿದ ಗಾಯ ಮೈಯಲ್ಲೇ ಉಳಿಯುತ್ತದೆ. ಅಂಡಾಣು, ವೀರ್ಯಾಣುಗಳ ಒಳಗಿರುವ ವಂಶವಾಹಿಗೆ ಅದರ ಸುದ್ದಿ ತಲುಪುವುದಿಲ್ಲ. ಜರ್ಮನಿಯ ಆಗಸ್ಟ್ ವೈಸ್‌ಮನ್ 1880ರ ದಶಕದಲ್ಲಿ ಇಲಿಗಳ ಬಾಲವನ್ನು ಐದು ತಲೆಮಾರು ಕತ್ತರಿಸಿ ನೋಡಿದ. ಹುಟ್ಟಿದ 901 ಮರಿಗಳಲ್ಲಿ ಒಂದಕ್ಕೂ ಬಾಲ ಮೋಟಾಗಿರಲಿಲ್ಲ.

ಕೊಂಬಿಲ್ಲದ ದನ ಬೇಕೆಂದರೆ ಹುಟ್ಟಿನಿಂದಲೇ ಬೋಳುತಲೆಯ ಹೋರಿಯನ್ನು ಹುಡುಕಬೇಕು. ಅಂಗಸ್‌ನಂತಹ ತಳಿಗಳು ಪೂರ್ತಿ ಬೋಳು. ಹೋಲ್‌ಸ್ಟೀನ್‌ನಲ್ಲೂ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಈ ಬೋಳುತನ ಪ್ರಬಲ ಗುಣವಾದ್ದರಿಂದ ಅದರ ಒಂದು ಪ್ರತಿ ಬಂದರೂ ಕರುವಿಗೆ ಕೊಂಬು ಮೂಡುವುದಿಲ್ಲ. ನಿಮ್ಮ ಮನೆಯ ದನಗಳಲ್ಲಿ ಆ ಪ್ರತಿ ಇಲ್ಲವೇ ಇಲ್ಲ. ಇಲ್ಲದ ವಂಶವಾಹಿಯನ್ನು ಆರಿಸಲಾಗುವುದಿಲ್ಲ, ಹೊರಗಿನಿಂದ ತರಬೇಕು. ತರುವ ತನಕ, ಕರು ಎಳೆಯದಾಗಿರುವಾಗಲೇ ಪಶುವೈದ್ಯರಿಂದ ಜೋಮಿನ ಚುಚ್ಚುಮದ್ದು ಕೊಡಿಸಿ ಸುಡಿಸಿ.

ಪ್ರಶ್ನೆ: ಹೈಬ್ರಿಡ್ ಹತ್ತಿಯ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು, ರಾಗಿಯ ಬೀಜವನ್ನು ಮಾತ್ರ ಕಣದಿಂದ ಎತ್ತಿಟ್ಟುಕೊಳ್ಳಬಹುದು ಎನ್ನುತ್ತಾರೆ. ನಾನೊಮ್ಮೆ ಹತ್ತಿಯ ಬೀಜವನ್ನು ಎತ್ತಿಟ್ಟು ಬಿತ್ತಿ ಕೈ ಸುಟ್ಟುಕೊಂಡೆ. ಒಂದು ಗಿಡ ಎದೆಯೆತ್ತರ, ಇನ್ನೊಂದು ಮೊಣಕಾಲೆತ್ತರ. ಇದು ಬೀಜ ಮಾರುವವರು ಬೇಕೆಂದೇ ಮಾಡಿದ ಮೋಸವಲ್ಲವೇ?
— ಓದುಗರೊಬ್ಬರು, ಸವಣೂರು

ಉತ್ತರ: ಬೀಜದ ಬೆಲೆಯಲ್ಲಿ ಮೋಸ ಇರಬಹುದು, ಅದರ ವಿಚಾರಣೆ ಬೇರೆ. ನಿಮ್ಮ ಹೊಲದಲ್ಲಿ ಗಿಡಗಳು ಏರುಪೇರಾದದ್ದು ಮಾತ್ರ ಮೋಸದಿಂದಲ್ಲ, ಮೆಂಡೆಲನ ಅದೇ ನಾಣ್ಯದ ಆಟದಿಂದ. ಹೈಬ್ರಿಡ್ ಬೀಜ ಹೇಗೆ ಹುಟ್ಟುತ್ತದೆ ಎಂಬುದನ್ನು ನಿಮ್ಮ ಜಿಲ್ಲೆಯಲ್ಲೇ ಬೀಜೋತ್ಪಾದನೆಯ ಹೊಲವೊಂದಕ್ಕೆ ಹೋಗಿ ಕಾಣಬಹುದು.

ಮಧ್ಯಾಹ್ನ ಇಳಿದ ಮೇಲೆ ಕೆಲಸದವರು ತಾಯಿ ಸಾಲಿನೊಳಕ್ಕೆ ಇಳಿಯುತ್ತಾರೆ. ಮಾರನೆಯ ಬೆಳಿಗ್ಗೆ ಅರಳಲಿರುವ, ತುದಿಯಲ್ಲಿ ದಳ ಇಣುಕುತ್ತಿರುವ ಮೊಗ್ಗನ್ನೇ ಗುರುತಿಸಿ, ಹೆಬ್ಬೆರಳಿನ ಉಗುರನ್ನು ಅದರ ಬುಡಕ್ಕೆ ಊರಿ ಸುತ್ತಲೂ ಗೀರಿ, ಒಂದೇ ತಿರುವಿಗೆ ದಳಗಳನ್ನೂ ಅವುಗಳ ಜೊತೆಗೆ ಗಂಡು ಕೇಸರಗಳ ಕೊಳವೆಯನ್ನೂ ಟೋಪಿಯಂತೆ ಕಳಚಿಬಿಡುತ್ತಾರೆ. ಉಗುರು ತುಸು ಆಳಕ್ಕೆ ಹೋದರೆ ಕಾಯಿ ಸತ್ತಿತು. ತುಸು ಮೇಲಾಗಿ ಒಂದು ಕೇಸರ ಉಳಿದರೂ ಹೂವು ತನ್ನ ಪರಾಗವನ್ನೇ ತಾನು ಪಡೆದು ಬೀಜ ಕೆಟ್ಟಿತು. ಬೋಳಾಗಿ ನಿಂತ ಶಲಾಕೆಗೆ, ಅಂದರೆ ಹೂವಿನ ಹೆಣ್ಣು ಭಾಗಕ್ಕೆ, ಬಣ್ಣದ ಕಾಗದದ ಕೊಳವೆ ತೊಡಿಸುತ್ತಾರೆ. ಮರುದಿನ ಬೆಳಿಗ್ಗೆ ತಂದೆ ಸಾಲಿನಿಂದ ಅರಳಿದ ಹೂವನ್ನು ಕಿತ್ತು ತಂದು, ಕಾಗದ ತೆಗೆದು, ಶಲಾಕೆಯ ತುದಿಗೆ ಪರಾಗವನ್ನು ಮೃದುವಾಗಿ ಸವರುತ್ತಾರೆ. ಒಂದು ಗಂಡು ಹೂವು ನಾಲ್ಕೈದು ಹೆಣ್ಣು ಹೂಗಳಿಗೆ ಸಾಕು. ಬಳಿಕ ತೊಟ್ಟಿಗೆ ಒಂದು ದಾರ. ಹೊಲವೊಂದರಲ್ಲಿ ಸಾವಿರಾರು ಹೂಗಳಿಗೆ, ವಾರಗಟ್ಟಲೆ, ಹೀಗೆ. ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು; ಪುಟ್ಟ ಬೆರಳು ಬೇಕೆಂಬ ನೆಪದಲ್ಲಿ ಶಾಲೆ ಬಿಡಿಸಿ ಮಕ್ಕಳನ್ನು ದುಡಿಸಿದ ಕೆಟ್ಟ ಚರಿತ್ರೆಯೂ ಈ ಕೆಲಸಕ್ಕಿದೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ.

ಇಷ್ಟು ಶ್ರಮ ಏಕೆ? ತಾಯಿ ತಳಿಯನ್ನೂ ತಂದೆ ತಳಿಯನ್ನೂ ಬೇರೆ ಬೇರೆಯಾಗಿ ತಲೆಮಾರುಗಟ್ಟಲೆ ತನ್ನೊಳಗೇ ಬೆಳೆಸಿ, ಅವುಗಳ ಜೋಡಿ ವಂಶವಾಹಿಗಳು ಎರಡೂ ಒಂದೇ ಆಗಿರುವಂತೆ ಮಾಡಿರುತ್ತಾರೆ. ಅಂಥ ತಾಯಿಯ ಯಾವ ಅಂಡಾಣುವನ್ನು ತೆಗೆದುಕೊಂಡರೂ ಒಂದೇ. ತಂದೆಯ ಯಾವ ಪರಾಗ ಕಣವೂ ಒಂದೇ. ಆದ್ದರಿಂದ ಅವೆರಡು ಕೂಡಿ ಹುಟ್ಟಿದ ಮೊದಲ ತಲೆಮಾರಿನ ಗಿಡಗಳೆಲ್ಲ ಅಚ್ಚಿನಲ್ಲಿ ಒತ್ತಿದಂತೆ ಸಮನಾಗಿರುತ್ತವೆ, ಎರಡು ಮನೆಯ ಬಲವೂ ಸೇರಿ ಹುಲುಸಾಗಿ ಬೆಳೆಯುತ್ತವೆ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು 1972ರಲ್ಲಿ ಹೊರತಂದ ‘ವರಲಕ್ಷ್ಮಿ’ ಹತ್ತಿ ಇದರ ದೊಡ್ಡ ಉದಾಹರಣೆ. ಅದರ ತಂದೆ ತಾಯಿಗಳು ಬೇರೆ ತಳಿಗಳಷ್ಟೇ ಅಲ್ಲ, ಹತ್ತಿಯ ಬೇರೆ ಬೇರೆ ಪ್ರಭೇದಗಳಿಗೆ ಸೇರಿದವು. ನಿಮ್ಮ ಕಡೆಯ ಹಿರಿಯರಿಗೆ ಆ ಹತ್ತಿ ಕಟ್ಟಿಸಿಕೊಟ್ಟ ಮನೆಗಳು ನೆನಪಿರಬಹುದು.

ಈಗ ಆ ಮೊದಲ ತಲೆಮಾರಿನ ಗಿಡದ ಬೀಜವನ್ನು ನೀವು ಬಿತ್ತಿದಿರಿ. ಅದರ ಪ್ರತಿ ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು; ಮತ್ತೆ ಚೀಟಿ ಎತ್ತುವಾಗ ಅವು ಚೆದುರುತ್ತವೆ. ಒಂದೇ ವಂಶವಾಹಿಯ ಮಟ್ಟಿಗೆ ಹೇಳುವುದಾದರೆ, ಎರಡನೆಯ ತಲೆಮಾರಿನ ಗಿಡಗಳಲ್ಲಿ ಅರ್ಧಕ್ಕೆ ಮಾತ್ರ ಆ ಮಿಶ್ರ ಜೋಡಿ ಮರಳಿ ಸಿಗುತ್ತದೆ. ಹತ್ತು ವಂಶವಾಹಿಗಳಲ್ಲೂ ಮಿಶ್ರ ಜೋಡಿಯೇ ಇರುವ ಗಿಡ ಬೇಕೆಂದರೆ 1,024ರಲ್ಲಿ ಒಂದು. ಇಳುವರಿಯನ್ನು ನಿರ್ಧರಿಸುವುದು ಹತ್ತಲ್ಲ, ನೂರಾರು. ನಿಮ್ಮ ಹೊಲದ ಎದೆಯೆತ್ತರ, ಮೊಣಕಾಲೆತ್ತರಗಳ ಕಥೆ ಇದು.

ರಾಗಿಯ ದಾರಿ ಬೇರೆ. ರಾಗಿಯ ಹೂವು ಬಹುಮಟ್ಟಿಗೆ ತನ್ನ ಪರಾಗವನ್ನು ತಾನೇ ಪಡೆಯುತ್ತದೆ, ಮತ್ತು ಸೂಜಿಮೊನೆಯಿಂದಲೂ ಕೇಸರ ಬಿಡಿಸಲು ಕಷ್ಟವಾಗುವಷ್ಟು ಚಿಕ್ಕದು. ಎರಡು ರಾಗಿ ತಳಿಗಳನ್ನು ಕೂಡಿಸುವುದೇ ಒಂದು ತಪಸ್ಸು. ಮಂಡ್ಯದ ವಿ. ಸಿ. ಫಾರ್ಮಿನಲ್ಲಿ ಡಾ. ಸಿ. ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಇಂಡಿಯಾ ಮತ್ತು ಆಫ್ರಿಕ ಎಂಬ ಎರಡು ಹೆಸರುಗಳು ಸೇರಿ ಆದ ಹೆಸರು ಅದು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಆದರೆ ಅವರು ರೈತರಿಗೆ ಕೊಟ್ಟದ್ದು ಮೊದಲ ತಲೆಮಾರಿನ ಬೀಜವನ್ನಲ್ಲ. ಕೂಡಿಸಿದ ಗಿಡದ ಸಂತಾನವನ್ನು ವರ್ಷವರ್ಷವೂ ಬಿತ್ತಿ, ಒಳ್ಳೆಯ ತೆನೆಯ ಗಿಡಗಳನ್ನು ಆರಿಸಿ, ಉಳಿದದ್ದನ್ನು ಬಿಡುತ್ತ ಹೋದರು. ಸ್ವಪರಾಗದಲ್ಲಿ ಮಿಶ್ರ ಜೋಡಿಗಳು ಪ್ರತಿ ತಲೆಮಾರಿಗೂ ಅರ್ಧರ್ಧ ಕರಗುತ್ತವೆ: ನೂರು, ಐವತ್ತು, ಇಪ್ಪತ್ತೈದು, ಹನ್ನೆರಡೂವರೆ. ಏಳೆಂಟು ತಲೆಮಾರಿಗೆ ತಳಿ ನೆಲೆನಿಲ್ಲುತ್ತದೆ. ನೆಲೆನಿಂತ ಮೇಲೆ ಅದರ ಬೀಜ ನಿಮ್ಮ ಕಣದಲ್ಲೂ ಅದೇ, ಬೀಜದಂಗಡಿಯಲ್ಲೂ ಅದೇ. ಬೇರೆ ತಳಿಯ ರಾಗಿ ಬೆರೆಯದಂತೆ ಒಕ್ಕಣೆಯಲ್ಲಿ ಎಚ್ಚರವಿದ್ದರೆ ಸಾಕು. ಹೊಸ ತಳಿ ಸಿಕ್ಕ ರೈತ ತನ್ನ ನೆಂಟರಿಗೆ ಒಂದು ಸೇರು ಕೊಟ್ಟರೂ ತಳಿ ಹರಡುತ್ತದೆ ಎನ್ನುವುದು ಇಂಥ ಬೀಜದ ಔದಾರ್ಯ. ಲಾಭ ಬೇಕಾದ ವ್ಯಾಪಾರಕ್ಕೆ ಅದು ಹೆಚ್ಚು ಹಿಡಿಸದಿರುವುದೂ ಅದೇ ಕಾರಣದಿಂದ, ಮತ್ತು ನಿಮ್ಮ ಅನುಮಾನದಲ್ಲಿ ಅಷ್ಟರಮಟ್ಟಿಗೆ ಹುರುಳಿದೆ.

ಪ್ರಶ್ನೆ: ತುಂಬ ಸಿಹಿಯಾದ ರಸಪುರಿ ಹಣ್ಣಿನ ಓಟೆ ನೆಟ್ಟೆ. ಎಂಟು ವರ್ಷ ಕಾದ ಮೇಲೆ ಬಿಟ್ಟದ್ದು ನಾರುನಾರಾದ ಹುಳಿಕಾಯಿ. ಏಕೆ?
— ಓದುಗರೊಬ್ಬರು, ರಾಮನಗರ

ಉತ್ತರ: ಹಣ್ಣಿನ ತಿರುಳು ತಾಯಿಮರದ್ದು, ಓಟೆಯೊಳಗಿನ ಸಸಿ ಮಾತ್ರ ತಾಯಿ ಮತ್ತು ಯಾವುದೋ ನೊಣ ಹೊತ್ತು ತಂದ ಪರಾಗದ ಮಗು. ಮಾವಿನ ಮರ ರಾಗಿಯಂತೆ ನೆಲೆನಿಂತ ತಳಿಯಲ್ಲ. ಅದರ ಜೋಡಿಗಳಲ್ಲಿ ಬಹಳಷ್ಟು ಮಿಶ್ರ. ಓಟೆ ನೆಟ್ಟರೆ ಬರುವುದು ಹೊಸದೊಂದು ಮರ. ಕಸಿ ಮಾಡಿದಾಗ ಮಾತ್ರ ಅದೇ ಮರ ಇನ್ನೊಂದು ಬೇರಿನ ಮೇಲೆ ಮುಂದುವರಿಯುತ್ತದೆ. ಕರಾವಳಿಯ ಬಪ್ಪಕ್ಕಾಯಿಯಂತಹ ಕೆಲವು ಮಾವುಗಳು ಇದಕ್ಕೆ ಹೊರತು: ಅವುಗಳ ಒಂದು ಓಟೆಯಿಂದ ಹಲವು ಸಸಿಗಳೇಳುತ್ತವೆ, ಅವುಗಳಲ್ಲಿ ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ತಾಯಿಯಂತೆಯೇ ಇರುತ್ತವೆ. ಹಾಗೆಂದು ಓಟೆ ನೆಡುವುದೇ ವ್ಯರ್ಥವೆನ್ನಲಾರೆ. ರಸಪುರಿಯೂ ಆಪೂಸೂ ಒಂದು ಕಾಲದಲ್ಲಿ ಯಾರದೋ ಹಿತ್ತಲಿನ ಒಂದೊಂದು ಓಟೆಯ ಮರವೇ ಆಗಿದ್ದವು; ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆಪೂಸಿಗೂ ಬಂಗನಪಲ್ಲಿಗೂ ಸಂಬಂಧ ಕಟ್ಟಿ ‘ಅರ್ಕಾ ಪುನೀತ್’ ತಳಿಯನ್ನು ಪಡೆದದ್ದೂ ಸಸಿಗಳನ್ನು ಬೆಳೆಸಿ, ಕಾದು, ಹಣ್ಣು ತಿಂದು ನೋಡಿಯೇ. ನಿಮ್ಮ ಹುಳಿಮರವನ್ನು ಕಡಿಯಬೇಡಿ, ಉಪ್ಪಿನಕಾಯಿಗೆ ಆಗದಿದ್ದರೆ ಅದರ ಕೊಂಬೆಗಳಿಗೆ ರಸಪುರಿಯ ಕಡ್ಡಿ ಕಸಿ ಕಟ್ಟಿಸಿ.

ಪ್ರಶ್ನೆ: ಹಳೆಯ ಚೀಟಿಗಳನ್ನು ನೋಡುವಾಗ ತಿಳಿಯಿತು, ನಮ್ಮ ಹಸುವಿಗೆ ಐದು ವರ್ಷದ ಹಿಂದೆ ಹಾಕಿದ ಹೋರಿಯ ಸ್ಟ್ರಾವನ್ನೇ (ವೀರ್ಯ ತುಂಬಿದ ಕೊಳವೆ) ಅದರಿಂದ ಹುಟ್ಟಿದ ಮಗಳಿಗೂ ಹಾಕಿದ್ದಾರೆ. ಮಗಳು ಎರಡು ಸಲ ಗಬ್ಬ ನಿಂತು ಜಾರಿತು. ಅಪ್ಪ ಮಗಳ ಸಂಬಂಧವೇ ಕಾರಣವೇ?
— ಓದುಗರೊಬ್ಬರು, ಪಿರಿಯಾಪಟ್ಟಣ

ಉತ್ತರ: ಅದೇ ಕಾರಣವೆಂದು ಒಂದು ಹಸುವನ್ನು ನೋಡಿ ಹೇಳಲಾಗದು. ಗಬ್ಬ ಜಾರುವುದಕ್ಕೆ ಕಂದುರೋಗವೆನ್ನುವ ಬ್ರುಸೆಲ್ಲೋಸಿಸ್ ಸೇರಿದಂತೆ ಹಲವು ಸೋಂಕುಗಳಿವೆ, ಖನಿಜಾಂಶದ ಕೊರತೆಯಿದೆ. ಮೊದಲು ರಕ್ತಪರೀಕ್ಷೆ ಮಾಡಿಸಿ. ಬ್ರುಸೆಲ್ಲೋಸಿಸ್ ಮನುಷ್ಯರಿಗೂ ಅಂಟುತ್ತದೆಯಾದ್ದರಿಂದ ಜಾರಿದ ಕರುವನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟಬಾರದು. ಆದರೆ ನಿಮ್ಮ ಅನುಮಾನ ಬುದ್ಧಿವಂತಿಕೆಯದು.

ಪ್ರತಿ ಜೀವಿಯಲ್ಲೂ ಕೆಲವು ಕೆಟ್ಟ ಪ್ರತಿಗಳು ಜೊತೆಯ ಒಳ್ಳೆಯ ಪ್ರತಿಯ ಮರೆಯಲ್ಲಿ ಸದ್ದಿಲ್ಲದೆ ಇರುತ್ತವೆ. ಹೋರಿಯಲ್ಲಿ ಅಂಥದ್ದೊಂದು ಇದೆ ಎನ್ನಿ. ಮಗಳಿಗೆ ಅದು ಬಂದಿರುವ ಸಾಧ್ಯತೆ ಎರಡಕ್ಕೆ ಒಂದು. ಬಂದಿದ್ದರೆ, ತಂದೆಯಿಂದಲೂ ಮಗಳಿಂದಲೂ ಕರುವಿಗೆ ಕೆಟ್ಟ ಪ್ರತಿಯೇ ಸಿಗುವ ಸಾಧ್ಯತೆ ನಾಲ್ಕಕ್ಕೆ ಒಂದು. ಒಟ್ಟು ಎಂಟಕ್ಕೆ ಒಂದು. ಹೊರಗಿನ ಹೋರಿಯಾಗಿದ್ದರೆ ಅದೇ ಕೆಟ್ಟ ಪ್ರತಿ ಅದರಲ್ಲೂ ಇರುವುದು ಬಹಳ ಅಪರೂಪ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಬರ್ಟ್ ಬೇಕ್‌ವೆಲ್ ಬೇಕೆಂದೇ ಹತ್ತಿರದ ರಕ್ತದಲ್ಲಿ ಸಂಬಂಧ ಮಾಡಿ ಲೆಸ್ಟರ್ ಕುರಿಯ ತಳಿಯನ್ನು ನೆಲೆನಿಲ್ಲಿಸಿದ. ಅವನಿಗೆ ದೊಡ್ಡ ಮಂದೆಯಿತ್ತು, ಕೆಟ್ಟು ಹುಟ್ಟಿದ್ದನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕುವ ಮನಸ್ಸೂ ಇತ್ತು. ಎರಡು ಹಸುವಿನ ಕೊಟ್ಟಿಗೆಯಲ್ಲಿ ಆ ಪ್ರಯೋಗ ನಡೆಯದು.

ದೊಡ್ಡವರೂ ಎಡವಿದ್ದಾರೆ. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ, ಚೀಫ್ ಎಂದು ಹೆಸರಾದ ಹೋಲ್‌ಸ್ಟೀನ್ ಹೋರಿಯೊಂದಕ್ಕೆ ಸುಮಾರು 16,000 ಹೆಣ್ಣುಮಕ್ಕಳಾದವು. ಹಾಲಿನ ವಂಶವಾಹಿಗಳು ಎಷ್ಟು ಚೆನ್ನಾಗಿದ್ದವೆಂದರೆ ಅದರ ಮೊಮ್ಮಕ್ಕಳು ಮರಿಮಕ್ಕಳು ಲಕ್ಷಗಟ್ಟಲೆ ಹರಡಿದವು. ಅವುಗಳ ಜೊತೆಗೇ ಒಂದು ಕೆಟ್ಟ ಪ್ರತಿಯೂ ಹರಡಿತು. ಅದರ ಎರಡು ಪ್ರತಿ ಸೇರಿದ ಭ್ರೂಣ ಗರ್ಭದಲ್ಲೇ ಸಾಯುತ್ತದೆ. ರೋಗಿಷ್ಠ ಕರು ಹುಟ್ಟಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಇಲ್ಲಿ ಹುಟ್ಟುವುದೇ ಇಲ್ಲ, ಹಸು ಮತ್ತೆ ಬೆದೆಗೆ ಬರುತ್ತದೆ, ರೈತ ಗಬ್ಬ ನಿಲ್ಲಲಿಲ್ಲ ಎಂದುಕೊಳ್ಳುತ್ತಾನೆ. ಸಾವಿರಾರು ದನಗಳ ಡಿಎನ್‌ಎಯನ್ನು ಓದಿದಾಗ, ಎರಡೂ ಪ್ರತಿ ಆ ಬಗೆಯದಾಗಿರುವ ಜೀವಂತ ದನ ಒಂದೂ ಏಕಿಲ್ಲ ಎಂಬ ಪ್ರಶ್ನೆ ಎದ್ದು, ಇಲ್ಲದಿರುವುದರ ಲೆಕ್ಕದಿಂದಲೇ 2011ರಲ್ಲಿ ಇದು ಪತ್ತೆಯಾಯಿತು. ಜಗತ್ತಿನಾದ್ಯಂತ ಐದು ಲಕ್ಷಕ್ಕೂ ಹೆಚ್ಚು ಗಬ್ಬಗಳು ಇದರಿಂದ ಜಾರಿರಬೇಕೆಂದು ಅಂದಾಜಿಸಿದ್ದಾರೆ. ಈಗ ಹೋರಿಗಳನ್ನು ಇಂಥ ದೋಷಗಳಿಗಾಗಿ ಪರೀಕ್ಷಿಸಬಹುದು.

ನೀವು ಮಾಡಬಹುದಾದದ್ದು ಹತ್ತು ರೂಪಾಯಿಯ ನೋಟ್‌ಬುಕ್ಕಿನ ಕೆಲಸ. ಪ್ರತಿ ಸ್ಟ್ರಾದ ಮೇಲೂ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಇಂಜೆಕ್ಷನ್ ಆದ ಮೇಲೆ ಅದನ್ನು ಎಸೆಯಲು ಬಿಡದೆ ಇಸಿದುಕೊಂಡು, ಹಸುವಿನ ಕಿವಿಯೋಲೆಯ ಸಂಖ್ಯೆ, ತಾರೀಖು, ಹೋರಿಯ ಸಂಖ್ಯೆ ಮೂರನ್ನೂ ಬರೆದಿಡಿ. ಮಗಳ ಸರದಿ ಬಂದಾಗ ಪುಟ ತಿರುವಿ, ‘ಈ ನಂಬರ್ ಬೇಡ ಡಾಕ್ಟ್ರೇ, ಇದು ಇವಳ ಅಪ್ಪ’ ಎಂದು ಹೇಳಿ.